ಎಂಟು ಸಾವಿರದ ನೂರ ತೊಂಬತ್ತೆರಡು

ಬೆಳಗಿನ ನಾಲ್ಕಕ್ಕೆ ಫೋನು. ಕ್ಲಾಕ್ಸ್‌ವಿಕ್ ಬಂದರಿನ
ತೂಕದ ಕಟ್ಟೆಯಿಂದ ಹಾಲ್ಗ್ರಿಮ್:
"ನಿನ್ನ ಭಾಷೆ ಮೀನು ತಿಂದಿದೆ, ರನ್ವಾ."

ಹದಿನೇಳು ಟನ್ ಕಾಡ್ ಮೀನು
ಐಸು ಸುರಿದ ನೀಲಿ ತೊಟ್ಟಿಗಳಲ್ಲಿ
ಕಣ್ಣು ಬಿಟ್ಟುಕೊಂಡೇ ಮಲಗಿದೆ.
ಪರದೆಯ ಮೇಲೆ ಮಾತ್ರ
ದೋಣಿಯ ಹೆಸರು, ಸರಿಯಾಗಿಯೇ;
ಅದರ ಕೆಳಗೆ
ಸೊನ್ನೆ ಕಿಲೋ.

ಹಗಲೆಲ್ಲ ಸರಿಯಿತ್ತಂತೆ.
ತಕ್ಕಡಿ ಒಂದೊಂದೇ ಸಾಲು ಉಸುರುವಾಗ
ಮೊದಲ ಪ್ರೋಗ್ರಾಮು ಹೆಸರು ಓದಿ ಬದಿಗೆ ಸರಿಯುತ್ತಿತ್ತು,
ಎರಡನೆಯದು ಕೂತು ತೂಕ ಕೂಡುತ್ತಿತ್ತು.
ರಾತ್ರಿ ಗಾಳಿಗೆ ತಂತಿ ಕಡಿದು
ಕಡತದಲ್ಲಿ ಕೂಡಿಟ್ಟ ಸಾಲುಗಳನ್ನು
ಬೆಳಗಿನ ಜಾವ ಒಟ್ಟಿಗೇ ಹರಿಯಬಿಟ್ಟಾಗ, ಹೀಗೆ.

ನನಗೆ ಗೊತ್ತಾಯಿತು. ತಕ್ಷಣ ಹೇಳಲಿಲ್ಲ.
ಕಾಫಿಗಿಟ್ಟೆ.

ಹನ್ನೊಂದು ವರ್ಷದ ಹಿಂದೆ, ಇದೇ ಮೇಜು.
ಭಾಷೆಗಿನ್ನೂ ಹಲ್ಲು ಬಂದಿರಲಿಲ್ಲ.
ಸಕ್ಕರೆ ಕಡ ಕೇಳಲು ಬಂದ ಪಕ್ಕದ ಮನೆಯ ಮಗುವಿನಂತೆ
ಒಂದು ಕಾಳು ಒಯ್ದು, ಮತ್ತೆ ಬಂದು, ಇನ್ನೊಂದು ಕಾಳು,
ಒಂದೊಂದು ಅಕ್ಷರಕ್ಕೂ ಕರ್ನೆಲ್ಲಿನ ಬಾಗಿಲು ತಟ್ಟುತ್ತಿತ್ತು.
ಹತ್ತು ಲಕ್ಷ ಅಕ್ಷರಕ್ಕೆ ಹತ್ತು ಲಕ್ಷ ಸಲ ಬಾಗಿಲು.
"ನಿಮ್ಮದು ನಡೆಯುವುದಿಲ್ಲ, ತೆವಳುತ್ತದೆ" ಎಂದರು ಜನ.

ಆಗ ಬೊಗಸೆ ಕೊಟ್ಟೆ.
ಕೇಳಿದವರಿಗೆ ಕೇಳದವರಿಗೆ, ಎಲ್ಲರಿಗೂ, ಹುಟ್ಟುವಾಗಲೇ.
ಎಂಟು ಸಾವಿರದ ನೂರ ತೊಂಬತ್ತೆರಡು ಬೈಟು ಹಿಡಿಯುವ ಬೊಗಸೆ.
ಬೇಕಿದ್ದುದು ಒಂದೇ ಗುಟುಕಿರಲಿ,
ಸಿಕ್ಕಷ್ಟು ಮೊಗೆ, ಮಿಕ್ಕದ್ದು ಮುಂದಕ್ಕಾದೀತು.
ಬೇಡದವರು ಬೇಡವೆಂದು ಬರೆದುಕೊಳ್ಳಲಿ.

ಕೊಟ್ಟದ್ದೇ ಕಣ್ಣಿಗೆ ಬೀಳದವರು
ಬೇಡವೆನ್ನುವುದು ಹೇಗೆ, ಎಂದಿದ್ದ ತ್ರೊಂಡುರ್.
ಈ ಭಾಷೆಯ ಅರ್ಧ ಅವನದು.
"ಮೊಗೆದದ್ದನ್ನು ಹೊಳೆಗೆ ವಾಪಸು ಸುರಿಯಲಾಗದು.
ಹಿಂದೆ ನಿಂತವನಿಗೇನು?"
"ಹಿಂದೆ ಯಾರು ನಿಂತಿರುತ್ತಾರೆ?" ನಾನು.
ಅವನು ಬೂಟಿನ ಲಾಡಿ ಬಿಗಿಯತೊಡಗಿದ,
ಒಂದೊಂದೇ ತೂತು, ಬಹಳ ಹೊತ್ತು.
ನಮ್ಮ ಹದಿನೆಂಟು ದ್ವೀಪಗಳಲ್ಲಿ ಒಬ್ಬರ ಕಣ್ಣಿಗೊಬ್ಬರು ಬೀಳದೆ
ಒಂಬತ್ತು ವರ್ಷ ಬಾಳುವುದು ಸುಲಭವಲ್ಲ.
ಬಾಳಿದ್ದೇವೆ.

ಹಾಗೆ, ಇವತ್ತು,
ತಾಯಿ ಪ್ರೋಗ್ರಾಮು ಹೆಸರೊಂದನ್ನು ನುಂಗಿ
ಕೈತುಂಬ ಹಿಡಿದ ಹದಿನೇಳು ಟನ್ನನ್ನು ಮರೆತು
ಮಗುವನ್ನು ಕೂಗಿತು: ಇನ್ನು ನಿನ್ನ ಸರದಿ.
ಮಗು ಕೊಳವೆಗೆ ಬಾಯಿಟ್ಟಿತು.
ಒಣ.
ಅಳಲಿಲ್ಲ. ತಪ್ಪಾಗಿದೆಯೆಂದು ಯಾರನ್ನೂ ಎಬ್ಬಿಸಲಿಲ್ಲ.
ಬಂದದ್ದನ್ನೆಲ್ಲ ಕೂಡಿತು: ಸೊನ್ನೆ.
ಅದರ ಲೆಕ್ಕ ಸರಿಯೇ.

"ಹಾಲ್ಗ್ರಿಮ್, ಮೊದಲ ಸಾಲು ಕಿತ್ತುಹಾಕು,
ಹೆಸರು ನೀನೇ ಬರೆ.
ಉಳಿದದ್ದನ್ನು ನೇರ ಎರಡನೆಯದಕ್ಕೇ ಕುಡಿಸು."
ಕೀಲಿಗಳ ಸದ್ದು. ಹಿನ್ನೆಲೆಯಲ್ಲಿ ಕಡಲಹಕ್ಕಿಗಳ ಜಗಳ.
"ಹದಿನೇಳು ಸಾವಿರದ ನಾನೂರ ಆರು" ಎಂದ,
ಅಂಕಿಯೊಂದೊಂದನ್ನೂ ಮುಟ್ಟಿ ನೋಡುವವನಂತೆ.
ಆಮೇಲೆ, "ತಪ್ಪು ನನ್ನದೋ ನಿನ್ನದೋ?"

ಕೈಪಿಡಿಯ ನಲವತ್ತನೆಯ ಪುಟದಲ್ಲಿ
ಸಣ್ಣಕ್ಷರದಲ್ಲಿ ಬರೆದಿದ್ದೆ, ಎನ್ನಬಹುದಿತ್ತು.
"ಮೀನು ಒಳಗಿಡು, ಬಿಸಿಲೇರುತ್ತೆ" ಎಂದೆ,
ಜನವರಿಯಲ್ಲಿ.
ಅವನು ನಗಲಿಲ್ಲ.

ಆ ಸಾಲನ್ನು ತೆರೆದು ಕೂತಿದ್ದೇನೆ.
ಅಳಿಸಿದರೆ ನಾಳೆ ಲೋಕದ ಎಲ್ಲ ಮಕ್ಕಳೂ
ಒಂದೊಂದು ಕಾಳಿಗೆ ಮತ್ತೆ ಬಾಗಿಲಿಗೆ ಬರುತ್ತವೆ.
ಉಳಿಸಿದರೆ ಎಲ್ಲೋ ಒಂದು ಬಂದರಿನಲ್ಲಿ
ಮತ್ತೊಂದು ಸೊನ್ನೆ, ಯಾರೂ ಫೋನು ಮಾಡದ ಸೊನ್ನೆ.

ಕಪ್ಪಿನಲ್ಲಿ ಕಾಫಿ ಅರ್ಧ ಮಿಕ್ಕಿತ್ತು.
ಪಾತ್ರೆಗೇ ಸುರಿಯಲು ಹೋದವಳು
ತಡೆದೆ. ಎಂಜಲು.

ತ್ರೊಂಡುರನ ನಂಬರು ಬದಲಾಗಿರಲಾರದು.
ಐದಾಗಲಿ.